ಗಿಡ್ಡ ಗೆರೆ

ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಅಲ್ಲಿ ಆನೆ ದೊರೆ. ನೆಮ್ಮದಿಯಿಲ್ಲದವರನ್ನು ಹೊಳೆಯಾಚೆ ಕಳಿಸಿದರೆ ಊರು ಉದ್ಧಾರವಾಗುತ್ತದೆ ಎಂದು ಯಾರೋ ಅದರ ಕಿವಿ ಊದಿದರು. ಆನೆಯ ಕಿವಿ ದೊಡ್ಡದು, ಊದುವವರಿಗೆ ಕಷ್ಟವಿಲ್ಲ. ಆದರೆ ಯಾರಿಗೆ ನೆಮ್ಮದಿ ಇದೆ, ಯಾರಿಗಿಲ್ಲ ಎಂದು ಅಳೆಯುವುದು ಹೇಗೆ?

ಪರವೂರಿನ ಕೊಕ್ಕರೆಯೊಂದು ಅಳತೆ ಮಾಡಿಕೊಟ್ಟಿತು. ಹೇಗಿದ್ದೀರಿ ಎಂದು ಕೇಳುವುದು. ‘ಬಹಳ ಚೆನ್ನಾಗಿದ್ದೇನೆ’ ಎಂದವರಿಗೆ ಮರಳಿನ ಮೇಲೆ ಉದ್ದ ಗೆರೆ, ‘ಪರವಾಗಿಲ್ಲ’ ಎಂದವರಿಗೆ ಗಿಡ್ಡ ಗೆರೆ; ದನಿ ಏರಿದಷ್ಟೂ ಉದ್ದ, ಇಳಿದಷ್ಟೂ ಗಿಡ್ಡ. ಗಿಡ್ಡ ಗೆರೆಯವರು ಹೊಳೆಯಾಚೆ. ಕೊಕ್ಕರೆ ಮೈಗಳ್ಳನಲ್ಲ. ಬಿಸಿಲಲ್ಲಿ ಕೇಳಿತು, ಮಳೆಯಲ್ಲಿ ಕೇಳಿತು, ಕೇಳಿದವರನ್ನೇ ಮತ್ತೆ ಕೇಳಿತು. ಪ್ರತಿಸಲವೂ ಅದೇ ಉತ್ತರ, ಅದೇ ಗೆರೆ. ಅಳತೆ ಪಕ್ಕಾ ಎಂದು ದೊರೆಗೆ ಒಪ್ಪಿಸಿತು. ತಪ್ಪು ತಕ್ಕಡಿಯೂ ದಿನಾ ಒಂದೇ ತೂಕ ತೋರಿಸುತ್ತದೆ ಎಂದು ಅದಕ್ಕೆ ಯಾರು ಹೇಳಬೇಕು!

ಗಾಣದ ಎತ್ತಿನ ಗೆರೆ ಎಲ್ಲರಿಗಿಂತ ಉದ್ದ. ಗಾಣದ ಯಜಮಾನ ನರಿ ಪಕ್ಕದಲ್ಲೇ ನಿಂತಿರುವಾಗ ಅದು ಇನ್ನೇನು ಹೇಳೀತು? ಕೋಳಿಯಮ್ಮನ ಗೆರೆ ಎಲ್ಲರಿಗಿಂತ ಗಿಡ್ಡ. ಇಟ್ಟ ಮೊಟ್ಟೆಯೆಲ್ಲ ಮರಿಯಾಗಿ, ಅಂಗಳದ ತುಂಬ ಚಿಲಿಪಿಲಿ, ಸುಖವೋ ಸುಖ. ಆದರೆ ಆ ಊರಿನಲ್ಲಿ ಹೆತ್ತವಳು ಚೆನ್ನಾಗಿದ್ದೇನೆ ಎಂದು ಬಾಯಿಬಿಟ್ಟು ಹೇಳುತ್ತಾಳೆಯೇ? ದೃಷ್ಟಿ ತಾಗದೇ? ‘ಏನೋ, ಪರವಾಗಿಲ್ಲ’ ಎಂದಿದ್ದಳು. ಅಷ್ಟಕ್ಕೇ ಹೊಳೆ ದಾಟಬೇಕೆಂದು ಆಜ್ಞೆಯಾಯಿತು. ಆಚೆ ದಡದಲ್ಲಿ ಹದ್ದುಗಳ ಕಾಟ.

ಹೊರಡುವ ದಿನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು, ದೊರೆಯೂ ಕೊಕ್ಕರೆಯೂ ನಿಂತಿದ್ದ ಹೆಬ್ಬಾಗಿಲಿಗೆ ಬಂದಳು. ದುಃಖ ಎಷ್ಟಿದ್ದರೂ ಹೋಗುವವರು ಉಳಿಯುವವರ ಕ್ಷೇಮ ಕೇಳುವುದು ಅಲ್ಲಿನ ರೂಢಿ. ಅರಮನೆಯಲ್ಲೂ ಆಗಷ್ಟೇ ಒಂದು ಮರಿಯಾನೆ ಹುಟ್ಟಿತ್ತು.

“ತಾವು, ಮರಿ, ಎಲ್ಲ ಹೇಗಿದ್ದೀರಿ, ಬುದ್ಧಿ?”

ಆನೆಯ ಮುಖ ಅರಳಿತು. ತಟ್ಟನೆ ಅತ್ತಿತ್ತ ನೋಡಿ, ಥೂ ಥೂ ಎಂದು ನೆಲಕ್ಕೆ ಉಗಿದು ಹೇಳಿತು: “ಏನೋ, ಪರವಾಗಿಲ್ಲ ಕಣಮ್ಮ.”

ಕೊಕ್ಕರೆ ಅಭ್ಯಾಸಬಲದಿಂದ ಗಿಡ್ಡ ಗೆರೆ ಎಳೆದೇಬಿಟ್ಟಿತು. ಆನೆ ಗೆರೆ ನೋಡಿತು, ಕೋಳಿಯಮ್ಮನನ್ನು ನೋಡಿತು, ಹೊಟ್ಟೆ ಕುಣಿಯುವಂತೆ ನಕ್ಕಿತು. ಆಜ್ಞೆ ಅಲ್ಲಿಗೇ ರದ್ದಾಯಿತು. ಅಬ್ಬಾ, ಬದುಕಿದೆವು ಎಂದು ಊರಿಗೆ ಊರೇ ಹಗುರಾಯಿತು. ಮರಿಗಳು ರೆಕ್ಕೆಯಡಿಯಿಂದ ಹೊರಬಿದ್ದು ಹೆಬ್ಬಾಗಿಲಲ್ಲೇ ಕಾಳು ಹೆಕ್ಕತೊಡಗಿದವು.

ನಗು ನಿಂತ ಮೇಲೆ ಆನೆಗೆ ಒಂದು ಯೋಚನೆ ಹೊಳೆಯಿತು. ಗಿಡ್ಡ ಗೆರೆಯವರೇ ಇಷ್ಟು ಸುಖವಾಗಿದ್ದರೆ ಉದ್ದ ಗೆರೆಯವನ ಗತಿ ಏನು? ತಾನೇ ಗಾಣಕ್ಕೆ ಹೋಗಿ ನೊಗ ಎತ್ತಿ ನೋಡಿತು. ಎತ್ತಿನ ಹೆಗಲು ಹುಣ್ಣಾಗಿ ಕೀವು ಸೋರುತ್ತಿತ್ತು. ಆನೆ ತಡಮಾಡಲಿಲ್ಲ. ನೊಗ ಕಳಚಿಸಿ, ನರಿಯನ್ನೇ ಗಾಣಕ್ಕೆ ಹೂಡಿಸಿತು.

ಕೊಕ್ಕರೆ ಮಾತ್ರ ತನ್ನ ಅಳತೆ ಬಿಡಲಿಲ್ಲ. ಹುಣ್ಣು ಮಾಯ್ದ ಮೇಲೆ ಒಂದು ಬೆಳಿಗ್ಗೆ, ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಎತ್ತನ್ನು ಹೇಗಿದ್ದೀಯಪ್ಪ ಎಂದು ಕೇಳಿತು.

ಎತ್ತು ಅತ್ತಿತ್ತ ನೋಡಿತು. ನೆಲಕ್ಕೆ ಥೂ ಥೂ ಎಂದಿತು.

“ಏನೋ, ಪರವಾಗಿಲ್ಲ.”

ಅಯ್ಯೋ ಪಾಪ, ಅಷ್ಟು ಸುಖವಾಗಿದ್ದವನು ಇಷ್ಟು ಬೇಗ ಕುಸಿದನಲ್ಲ ಎಂದು ಮರುಗುತ್ತ ಕೊಕ್ಕರೆ ಗಿಡ್ಡ ಗೆರೆ ಎಳೆಯಿತು.