ನಡುವೆ ನಿಂತವನು

ಎನಾಕ್ ಟಪ್ಪನ್ ರಾಜಕೀಯಕ್ಕೆ ಬಂದದ್ದು ಹಂದಿಗಳಿಂದ. ನ್ಯೂ ಹ್ಯಾಂಪ್‌ಶೈರಿನ ನಮ್ಮ ಊರಲ್ಲಿ ಹೊಸದಾಗಿ ಮದುವೆಯಾದವನನ್ನು ಮಾರ್ಚ್ ತಿಂಗಳ ಊರಸಭೆಯಲ್ಲಿ ಹೊಲಕ್ಕೆ ನುಗ್ಗಿದ ಹಂದಿ ಹಿಡಿಯುವ ಅಧಿಕಾರಿಯಾಗಿ ಆರಿಸಿ ನಗುವುದು ರೂಢಿ. ಹಾಗೆ ಆಯ್ಕೆಯಾದ ಬೇರೆಯವರು ಒಂದು ಸುತ್ತು ರಮ್ ಕುಡಿಸಿ ಮರೆತುಬಿಡುತ್ತಾರೆ. ಟಪ್ಪನ್ ನಿಜಕ್ಕೂ ಹಂದಿ ಹಿಡಿದ. ಆದರೆ ಯಾರ ಜೊತೆಗೂ ಜಗಳವಾಡಲಿಲ್ಲ. ಹಂದಿಯವನಿಗೂ ಹೌದೆಂದ, ಜೋಳ ಕಳೆದುಕೊಂಡವನಿಗೂ ಹೌದೆಂದ. ಈ ಗುಣ ಜನಕ್ಕೆ ಹಿಡಿಸಿತು. ಊರಿನ ಆಡಳಿತ ನೋಡುವ ಮೂವರಲ್ಲಿ ಒಬ್ಬನಾದ, ಆಮೇಲೆ ಊರಸಭೆಯ ಅಧ್ಯಕ್ಷನಾದ, ಕೊನೆಗೆ, ಅಧ್ಯಕ್ಷಗಿರಿ ಬಿಡದೆಯೇ, ರಾಜಧಾನಿ ಕಾನ್ಕಾರ್ಡಿನ ಶಾಸನಸಭೆಗೆ ಊರಿನ ಪ್ರತಿನಿಧಿಯಾದ.

ಆ ಸ್ಥಾನಕ್ಕೆ ಪ್ರತಿ ಮಾರ್ಚಿಗೂ ಹೊಸದಾಗಿ ಗೆಲ್ಲಬೇಕು. ಆರು ಸಲ ಗೆದ್ದಿದ್ದ. ಕಾನ್ಕಾರ್ಡಿನ ಛತ್ರದಲ್ಲಿ ಜನ ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ಅದು ತಪ್ಪಿದರೆ ಅವನ ಪಾಲಿಗೆ ಉಳಿಯುತ್ತಿದ್ದದ್ದು ಕಲ್ಲು ತುಂಬಿದ ಹೊಲ.

೧೮೧೯ರಲ್ಲಿ ತೊಡಕು ಬಂತು. ಊರಿನ ಪಾದ್ರಿಯ ಸಂಬಳಕ್ಕೆ ಎಲ್ಲರೂ ತೆರಿಗೆ ಕೊಡಬೇಕಿತ್ತು, ಆ ಪಾದ್ರಿಯ ಚರ್ಚಿಗೆ ಕಾಲಿಡದ, ಬೇರೆ ಪಂಥದ ಬ್ಯಾಪ್ಟಿಸ್ಟರು ಕೂಡ. ಕೊಡದ ಬ್ಯಾಪ್ಟಿಸ್ಟ್ ಓಬೆಡ್ ಸ್ಲೀಪರ್‌ನ ಹಸುವನ್ನು ಕಾನ್‌ಸ್ಟೇಬಲ್ ಹೊಡೆದುಕೊಂಡು ಹೋದ. ಓಬೆಡ್ ಪೀಪಾಯಿ ಮಾಡುವವನು, ಮನೆಯಲ್ಲಿ ಐದು ಮಕ್ಕಳು. ತೆರಿಗೆ ತೆಗೆಯುವ ಮಸೂದೆ ಜೂನಿನಲ್ಲಿ ಶಾಸನಸಭೆಗೆ ಬರಲಿತ್ತು. ಊರಿನ ಪ್ರತಿನಿಧಿ ಯಾರೇ ಆಗಲಿ, ಅದರ ಪರ ಮತ ಹಾಕಬೇಕೆಂದು ಊರಸಭೆ ಆಜ್ಞೆ ಕೊಡಲಿ ಎಂದು ಓಬೆಡ್ ಪ್ರಸ್ತಾಪ ತಂದ. ಊರು ಕೊಟ್ಟ ಆಜ್ಞೆಯನ್ನು ಪ್ರತಿನಿಧಿ ಮೀರುವಂತಿಲ್ಲ.

ವಿರೋಧ ಡೀಕನ್ ಸೈಲಸ್ ಮಾರ್ಡನ್‌ನದು. ಚರ್ಚಿನ ಹಿರಿಯ, ಟಪ್ಪನ್‌ಗೆ ಹೆಣ್ಣು ಕೊಟ್ಟ ಮಾವ. ಊರಸಭೆ ಸೇರುತ್ತಿದ್ದದ್ದು ಚರ್ಚಿನಲ್ಲೇ. ಸಭೆಗೆ ಮುಂಚೆ ಅದರ ಮೆಟ್ಟಿಲಲ್ಲೇ ಅಳಿಯನನ್ನು ಹಿಡಿದ.

"ಏನಪ್ಪಾ ಅಳಿಯ, ನೀನು ಯಾವ ಕಡೆ?"

"ಅಧ್ಯಕ್ಷನಿಗೆ ಕಡೆ ಎಲ್ಲಿ ಮಾವ?"

ಹಿಂದೆಯೇ ಇದ್ದ ಓಬೆಡ್ ಕೇಳಿಸಿಕೊಂಡ. "ಬಿಡಿ ಡೀಕನ್ನೋರೆ, ಬಾಗಿಲಲ್ಲಿ ನಿಂತ ಬೆಕ್ಕನ್ನ ಕೇಳಿದ ಹಾಗಾಯ್ತು. ಒಳಗೂ ಬರಲ್ಲ, ಹೊರಗೂ ಹೋಗಲ್ಲ."

ನ್ಯಾಯ ಓಬೆಡ್‌ನದೆಂದು ಟಪ್ಪನ್‌ಗೆ ಗೊತ್ತಿತ್ತು. ಬಾಯಿಬಿಟ್ಟರೆ ಮಾವನ ಕಡೆಯ ಮತಗಳು ಹೋಗುತ್ತವೆ. ಊರೇ ಆಜ್ಞೆ ಕೊಟ್ಟರೆ ಮಾತ್ರ ನ್ಯಾಯವೂ ಮತವೂ ಎರಡೂ ಉಳಿಯುತ್ತವೆ. ಕಾನ್ಕಾರ್ಡಿನಲ್ಲಿ ಹೌದೆಂದು ಬಂದು, ನಾನೇನು ಮಾಡಲಿ ಮಾವ, ಊರು ಹೇಳಿತು ಎನ್ನಬಹುದು.

ಸಭೆಯಲ್ಲಿ ಹೌದು ಎಂದವರೂ ಇಲ್ಲ ಎಂದವರೂ ಒಂದೇ ಸಮ ಕೂಗಿದರು.

"ಅನುಮಾನ ಇದೆ! ತಲೆ ಎಣಿಸಿ!" ಎಂದ ಡೀಕನ್.

ತಲೆ ಎಣಿಸುವುದೆಂದರೆ ಹೌದೆನ್ನುವವರು ಒಂದು ಗೋಡೆಗೆ, ಇಲ್ಲವೆನ್ನುವವರು ಎದುರು ಗೋಡೆಗೆ ನಡೆಯಬೇಕು. ಯಾವುದು ಯಾವ ಗೋಡೆ ಎಂದು ಹೇಳುವವನು ಅಧ್ಯಕ್ಷ. ಚರ್ಚಿನಲ್ಲಿ ಒಲೆ ಇರಲಿಲ್ಲ. ಬೆಚ್ಚಗಿದ್ದರೆ ಭಕ್ತಿ ನಿದ್ದೆ ಹೋಗುತ್ತದೆಂದು ಡೀಕನ್ನೇ ತಡೆದಿದ್ದ. ಮಾರ್ಚಿನ ಚಳಿಗೆ ಉಸಿರು ಹೊಗೆಯಾಗುತ್ತಿತ್ತು. ದಕ್ಷಿಣದ ಕಿಟಕಿಗಳಲ್ಲಿ ಮಾತ್ರ ಬಿಸಿಲು. ಅಲ್ಲಿ ಮುದುಕರು ಕಾಲು ಚಾಚಿ ಕೂತಿದ್ದರು.

"ಹೌದೆನ್ನೋರು ದಕ್ಷಿಣಕ್ಕೆ, ಇಲ್ಲ ಅನ್ನೋರು ಉತ್ತರಕ್ಕೆ," ಎಂದ ಟಪ್ಪನ್.

ಮುದುಕರು ಕದಲಲಿಲ್ಲ.

"ಏಯ್ ಜಾಬೆಜ್, ನೀನು ನಮ್ಮವನಲ್ವೇನೋ?" ಉತ್ತರದ ನೆರಳಿನಿಂದ ಡೀಕನ್ ಕೂಗಿದ.

"ನಿಮ್ಮವನೇ ಡೀಕನ್ನೋರೆ. ನನ್ನ ಮಂಡಿ ಮಾತ್ರ ಓಬೆಡ್ ಕಡೆ."

ಜನ ಬಿದ್ದು ಬಿದ್ದು ನಕ್ಕರು. ಗುಮಾಸ್ತ ಎರಡು ಸಲ ಎಣಿಸಿದ. ಸರಿಸಮ. ಟಪ್ಪನ್‌ನ ಲೆಕ್ಕಾಚಾರದಲ್ಲಿ ಇದು ಇರಲಿಲ್ಲ. ಸಮವಾದರೆ ಅಧ್ಯಕ್ಷನೇ ನಡೆಯಬೇಕು. ನಡೆಯದಿದ್ದರೆ ಪ್ರಸ್ತಾಪ ಬೀಳುತ್ತದೆ.

"ನಿಂತ್ಕೊಳಪ್ಪ, ಸುಮ್ನೆ ಅಲ್ಲೇ ನಿಂತ್ಕೊ," ಎಂದ ಡೀಕನ್, ಮಗುವಿಗೆ ಹೇಳುವ ಹಾಗೆ.

ಓಬೆಡ್ ಟಪ್ಪನ್‌ನ ಮುಖ ನೋಡುವುದನ್ನು ಬಿಟ್ಟು ಆಗಲೇ ಟೋಪಿ ಹಾಕಿಕೊಳ್ಳುತ್ತಿದ್ದ. ಇವನಿಂದ ಏನೂ ಆಗದೆಂದು ತೀರ್ಮಾನಿಸಿದವನ ಹಾಗೆ. ಬೈದಿದ್ದರೆ ಟಪ್ಪನ್ ತಡೆದುಕೊಳ್ಳುತ್ತಿದ್ದನೇನೋ. ವೇದಿಕೆಯಿಂದ ಇಳಿದು ದಕ್ಷಿಣದ ಗೋಡೆಗೆ ನಡೆದು ಓಬೆಡ್‌ನ ಪಕ್ಕ ನಿಂತ. ಪ್ರಸ್ತಾಪ ಗೆದ್ದಿತು.

ಮುಂದಿನ ಕೆಲಸ ಪ್ರತಿನಿಧಿಯ ಆಯ್ಕೆ. ಇದಕ್ಕೆ ನಡೆದಾಟವಿಲ್ಲ, ಚೀಟಿಯನ್ನು ಟೋಪಿಗೆ ಹಾಕುವುದು. ಚೀಟಿ ಹಾಕಲು ಮುದುಕರು ಬಿಸಿಲು ಬಿಡಬೇಕಿರಲಿಲ್ಲ. ಟೋಪಿಯೇ ಅವರ ಬಳಿ ಹೋಯಿತು. ಅವರೆಲ್ಲ ಡೀಕನ್‌ನ ತಮ್ಮನ ಮಗ ರೂಫಸ್‌ನ ಹೆಸರು ಹಾಕಿದರು. ರೂಫಸ್ ಗೆದ್ದ. ಹಾಗೆಂದು ಸಭೆಗೆ ಸಾರಬೇಕಾದವನು ಅಧ್ಯಕ್ಷ ಟಪ್ಪನ್ನೇ. ಸಾರಿದ.

ಹೊರಗೆ ಡೀಕನ್ ಕೈಗವಸು ಹಾಕಿಕೊಳ್ಳುತ್ತ ಅಂದ, "ಸುಮ್ನೆ ನಿಂತಿದ್ರೆ ಸಾಕಿತ್ತಲ್ಲೋ, ದಡ್ಡ."

"ನಿಂತು ಕಾಲು ನೋಯ್ತಿತ್ತು ಮಾವ."

"ಭಾನುವಾರ ಊಟಕ್ಕೆ ನನ್ನ ಕಾಯಬೇಡಿ ಅಂತ ಹಿಟ್ಟಿ ಹತ್ರ ಹೇಳು."

ಹಿಟ್ಟಿ ಅವನ ಮಗಳು, ಟಪ್ಪನ್‌ನ ಹೆಂಡತಿ. ಟಪ್ಪನ್ ಹೇಳಿದ. ಅವಳು ಭಾನುವಾರ ಎಂದಿಗಿಂತ ಕಡಿಮೆ ಅವರೆ ಬೇಯಿಸಿದಳು.

ಜೂನಿನಲ್ಲಿ ರೂಫಸ್ ಕಾನ್ಕಾರ್ಡಿಗೆ ಹೋಗಿ, ಊರಿನ ಆಜ್ಞೆಯಿದ್ದದ್ದರಿಂದ, ಹಲ್ಲು ಕಚ್ಚಿಕೊಂಡು ಹೌದೆಂದು ಬಂದ. ತೆರಿಗೆ ಹೋಯಿತು. ಟಪ್ಪನ್ ಮತ್ತೆಂದೂ ಯಾವ ಚುನಾವಣೆಯನ್ನೂ ಗೆಲ್ಲಲಿಲ್ಲ. ಎರಡು ಸಲ ನಿಂತು ನೋಡಿದ, ಓಬೆಡ್‌ನ ಜನವೂ ಪೂರ್ತಿ ಮತ ಹಾಕಲಿಲ್ಲ. ನಿಲ್ಲಿಸಲು ತಮ್ಮದೇ ಪಂಥದವನೊಬ್ಬ ಅವರಿಗೂ ಸಿಕ್ಕಿದ್ದ.