ಇನ್‌ಸ್ಪೆಕ್ಷನ್ ದಿನದ ಔಷಧಿ

ಎರಡು ವರ್ಷ ಬೀಗ ನೋಡಿದ್ದೇ ಬಂತು, ಫಾರ್ಮಸಿ ಕಾಲೇಜಿನ ಪ್ರಯೋಗಾಲಯದ ಬಾಗಿಲು ತೆರೆದದ್ದು ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ. ಒಳಗೆ ಕಾಲಿಟ್ಟ ಚೈತ್ರಶ್ರೀಯ ಮೂಗಿಗೆ ಬಡಿದದ್ದು ಔಷಧಿಯ ವಾಸನೆಯಲ್ಲ, ಹೆಗ್ಗಣದ ನಾತ. ಈ ನಾತಕ್ಕೇ ಫೀಸು ಕಟ್ಟಿದ್ದ ಅವಳಪ್ಪ ಧರ್ಮ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಅವನು ದುಡಿದ ಸಂಬಳವೆಲ್ಲ ಕಾಲೇಜಿಗೇ ಹೋಗುತ್ತಿತ್ತು; ಅದರ ಮೇಲೆ ಲ್ಯಾಬ್ ಫೀಸು ಬೇರೆ ಎಂದಾಗ, ಹಿತ್ತಲಿನ ಕಾಳುಮೆಣಸನ್ನು ಒಣಗಿಸಲೂ ಪುರುಸೊತ್ತಿಲ್ಲದೆ ಹಸಿಯಲ್ಲೇ ಕಡಿಮೆ ಬೆಲೆಗೆ ಮಾರಿದ್ದ.

"ಶೀಶೆ ಒಂದೂ ಖಾಲಿ ಇರ್ಬಾರ್ದು, ಎಲ್ಲಾ ತುಂಬ್ಸಿ," ಎಂದ ಪ್ರಿನ್ಸಿಪಾಲ್ ಶಾಂತಮಲ್ಲಪ್ಪ.

"ಏನ್ ತುಂಬ್ಸೋದು ಸಾರ್?"

"ತೊಟ್ಟೀಲಿ ನೀರಿಲ್ವಾ? ಬಣ್ಣ ಬೆರ್ಸಿ. ನಾಳೆ ಯಾರಾದ್ರೂ ಬಾಯಿ ಬಿಟ್ರೆ ಹಾಲ್ ಟಿಕೆಟ್ ಮರ್ತುಬುಡಿ."

ಮುಂದಿನ ವಾರವೇ ಕೊನೆಯ ಪರೀಕ್ಷೆ. ಹಾಲ್ ಟಿಕೆಟ್ ಇಲ್ಲದಿದ್ದರೆ ಎರಡು ವರ್ಷವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಚೈತ್ರಶ್ರೀ ಪಾಚಿನೀರಿಗೆ ಕೇಸರಿ ಬಣ್ಣ ಬೆರೆಸಿದಳು, 'ಅಜೀರ್ಣದ ಔಷಧಿ' ಎಂದು ದುಂಡಗೆ ಲೇಬಲ್ ಬರೆದು ಅಂಟಿಸಿದಳು.

ಮಾರನೆಯ ದಿನ ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಮೊದಲು ನೋಡಿದ್ದು ಕಡುಬು, ಕೋಳಿಸಾರು. ಆಮೇಲೆ ತೇಗುತ್ತಾ ಪ್ರಯೋಗಾಲಯಕ್ಕೆ ಬಂದು ಹೊಟ್ಟೆ ಸವರಿಕೊಂಡರು. "ಯಾಕೋ ಹೊಟ್ಟೆ ಭಾರ ಕಣ್ರೀ."

"ನಮ್ ಹುಡುಗ್ರು ಮಾಡಿರೋ ಔಷಧೀನೇ ಐತಲ್ಲ ಸಾರ್! ಕೊಡವ್ವ ಚೈತ್ರಾ," ಎಂದ ಶಾಂತಮಲ್ಲಪ್ಪ. ಆ ಮನುಷ್ಯನಿಗೆ ತಾನೇ ತುಂಬಿಸಿದ ತೊಟ್ಟಿ ನೀರು ಮರೆತಿತ್ತೋ, ಮಾನವೇ ಮರೆತಿತ್ತೋ.

ಅವಳು ಶೀಶೆಯಿಂದ ಲೋಟಕ್ಕೆ ಬಗ್ಗಿಸಿದಳು. ಸಾಹೇಬರು ಕೈ ಚಾಚಿದ್ದರು.

"ಕುಡೀಬೇಡಿ ಸಾರ್. ಇದು ತೊಟ್ಟಿ ನೀರು. ನಾನೇ ತುಂಬಿದ್ದು. ಇಲ್ಲಿರೋದೆಲ್ಲಾ ಅದೇ."

ಹೋಯಿತು ಹಾಲ್ ಟಿಕೆಟ್, ಹೋಯಿತು ಅಪ್ಪನ ಮೆಣಸು ಎಂದುಕೊಂಡು ಅವಳು ಕಣ್ಣುಮುಚ್ಚಿದಳು. ಕೇಳಿಸಿದ್ದು ನಗು. ಸಾಹೇಬರು ಜೇಬಿನಿಂದ ತಮ್ಮದೇ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡರು.

"ಕುಡಿಯೋಕೆ ನನಗೇನು ಹುಚ್ಚೇನಮ್ಮ? ಲೋಟ ಆ ಕಡೆ ಇಡು ಅನ್ನೋಕೆ ಕೈ ಚಾಚಿದೆ. ಎಷ್ಟು ಕಾಲೇಜು ನೋಡಿಲ್ಲ ನಾನು!" ಎನ್ನುತ್ತಾ ಅಲ್ಲೇ ಮೇಜಿನ ಮೇಲೆ ವರದಿಯಿಟ್ಟು 'ಪ್ರಯೋಗಾಲಯ ತೃಪ್ತಿಕರ' ಎಂದು ಬರೆದು ಸಹಿ ಹಾಕಿದರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಅವಳು ಕೇಳಿದ್ದಳು. ಮೇಯ್ದು ತೇಗಿದ್ದನ್ನು ಈಗ ಕಂಡಳು.

ಸಂಜೆ ಪ್ರಿನ್ಸಿಪಾಲ್ ಕರೆದ. ಬೈಗುಳಕ್ಕೆ ಸಿದ್ಧಳಾಗಿಯೇ ಹೋದಳು. ಅವನು ನಗುತ್ತಾ ಹಾಲ್ ಟಿಕೆಟ್ ಚಾಚಿದ.

"ಹೆದರ್ಕೊಂಡ್ಬುಟ್ಯಾ? ತಗಳವ್ವ. ಲೇಬಲ್ ಮುತ್ತಿನಂಗೆ ಬರ್ದಿದ್ದೆ ಕಣೆ. ಮುಂದಿನ ಸಲವೂ ಬಂದು ಬರ್ಕೊಡು."

ಹರಿದು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಅಪ್ಪ ಮಾರಿದ ಹಸಿಮೆಣಸು ನೆನಪಾಯಿತು. ಹಾಲ್ ಟಿಕೆಟನ್ನು ಸುಕ್ಕಾಗದಂತೆ ಪುಸ್ತಕದ ನಡುವೆ ಇಟ್ಟುಕೊಂಡಳು. ಊರಿಗೆ ಹೋಗುವ ಮಗ್ಗೆಯ ಬಸ್ಸಿನಲ್ಲಿ ಕೂತಾಗ, ಅದನ್ನು ಈಸಿಕೊಂಡ ತನ್ನ ಕೈ ಕಂಡೇ ಅವಳಿಗೆ ಹೇಸಿಗೆಯಾಯಿತು.