ಮುಂದಿನ ಸಾಲಿನ ಈಟಿಗಳು

"ಎಷ್ಟಾಯ್ತು ಮಾವ?"

ಮೈದಾನದ ಆ ತುದಿಯಿಂದ ಅಳಿಯ ಕೂಗಿದ. ಬಡಗಿ ನೆಲಕ್ಕೆ ನಾಟಿದ್ದ ಈಟಿಯ ಮೊನೆಯವರೆಗೆ ಟೇಪು ಎಳೆದು, ಅಂಕಿಯನ್ನು ಎರಡು ಸಲ ಓದಿ, ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಬರೆದ. ಐವತ್ತೆಂಟು ಮೀಟರು. ಇದು ಕಲ್ಲು ಕಟ್ಟಿದ ಎಸೆಗೋಲಿನಿಂದ ಬೀಸಿದ್ದು. ಬರೀ ಕೋಲಿನಿಂದ ಈಗಷ್ಟೇ ಹಾರಿದ್ದು ನಲವತ್ತೊಂಬತ್ತಕ್ಕೇ ಮೂಗು ಊರಿತ್ತು. ನಿನ್ನೆಯೂ ಹಾಗೇ, ಮೊನ್ನೆಯೂ ಹಾಗೇ. ಎರಡು ತಿಂಗಳಲ್ಲಿ ಒಂದು ದಿನವಾದರೂ ಹೆಚ್ಚುಕಮ್ಮಿ ಆಗಬಾರದೆ?

"ಹೇಳಿ ಮಾವ, ಎಷ್ಟಾಯ್ತು?"

"ನಿನಗ್ಯಾಕೆ ಅದು? ಎಸೆಯೋದು ನಿನ್ನ ಕೆಲಸ, ಅಳೆಯೋದು ನನ್ನದು."

ಹಾಲು ಕೊಂಡರೆ ನೀರೆಷ್ಟು ಎಂದು ಕೇಳುವ, ನೀರು ಕೊಟ್ಟರೆ ಲೋಟ ತೊಳೆದಿದ್ದೀರಾ ಎಂದು ಕೇಳುವ ಮನುಷ್ಯ ಅವನು. ಕಾಲೇಜಿನ ಮರಗೆಲಸದ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದಿದ್ದರೂ ಹಲಗೆ ಒಣಗಿದೆ ಎಂದು ಯಾರಾದರೂ ಹೇಳಿದರೆ ಕೆನ್ನೆಗೆ ಒತ್ತಿ ನೋಡದೆ ನಂಬಿದವನಲ್ಲ. ಅಂಥವನಿಗೆ ಅಳಿಯನಾಗಿ ಸಿಕ್ಕಿದ್ದು, ಜಾವೆಲಿನ್ ಪಂದ್ಯದಲ್ಲಿ ಗೆರೆ ದಾಟಿ ಎಸೆದು ಪದಕ ಕಳೆದುಕೊಂಡ ಹುಡುಗ. ಕಾಲು ತಾನಾಗಿ ಜಾರಿತು ಎಂದು ಹುಡುಗ ಹೇಳುತ್ತಿದ್ದ. ಮಗಳು ನಂಬಿದಳು, ಮದುವೆಯೂ ಆದಳು. ಬಡಗಿ ಮಾತ್ರ ಆ ಗೆರೆಯ ಹತ್ತಿರವೇ ನಿಂತುಬಿಟ್ಟಿದ್ದ.

ಈ ಕೆಲಸ ಹಿಡಿದು ತಂದವರು ಕಾಲೇಜಿನಲ್ಲಿ ಪ್ರಾಚೀನ ಆಯುಧಗಳ ಸಂಶೋಧನೆ ಮಾಡುವ ಮೇಡಂ. ಬಿಲ್ಲು ಬರುವುದಕ್ಕೂ ಸಾವಿರಾರು ವರ್ಷ ಮೊದಲು ಮನುಷ್ಯರು ಎಸೆಗೋಲು ಹಿಡಿದು ಬೇಟೆಯಾಡುತ್ತಿದ್ದರಂತೆ. ಮೊಳದುದ್ದದ ಕೋಲು, ತುದಿಯಲ್ಲಿ ಕೊಕ್ಕೆ. ಈಟಿಯ ಬುಡದ ಗುಳಿಯನ್ನು ಆ ಕೊಕ್ಕೆಗೆ ಕೂರಿಸಿ ಬೀಸಿದರೆ ತೋಳಿಗೆ ಇನ್ನೊಂದು ತೋಳು ಸೇರಿಸಿದಂತೆ, ಈಟಿ ಎರಡು ಪಟ್ಟು ದೂರ ಹೋಗುತ್ತದೆ. ಕೆಲವು ಹಳೆಯ ಕೋಲುಗಳಿಗೆ ನಡುವೆ ಒಂದು ಸಣ್ಣ ಕಲ್ಲು ಕಟ್ಟಿರುವುದುಂಟು. ಅದು ಈಟಿ ಇನ್ನೂ ದೂರ ಹೋಗಲಿ ಎಂದೇ ಕಟ್ಟಿದ್ದು ಎನ್ನುವುದು ಮೇಡಂ ವಾದ. ಉಳಿದ ಪಂಡಿತರು ಒಪ್ಪುವುದಿಲ್ಲ. ಅದಕ್ಕೇ ಈ ಪರೀಕ್ಷೆ. ಬಡಗಿ ಎರಡು ಕೋಲು, ನಲವತ್ತು ಈಟಿ ಮಾಡಿಕೊಟ್ಟ. ಉದ್ದ ಒಂದೇ, ತೂಕ ಒಂದೇ. ಈಟಿ ನಿಲ್ಲಿಸುವ ಸ್ಟ್ಯಾಂಡಿನ ಮುಂದಿನ ಸಾಲಿನ ಇಪ್ಪತ್ತಕ್ಕೆ ಕೆಂಪು ದಾರ, ಅವು ಕಲ್ಲಿನ ಕೋಲಿಗೆ. ಹಿಂದಿನ ಸಾಲಿನ ಇಪ್ಪತ್ತಕ್ಕೆ ನೀಲಿ ದಾರ, ಅವು ಬರೀ ಕೋಲಿಗೆ.

ಎಸೆಯಲು ಬಂದವನು ಅಳಿಯ. ಶಾಲೆಯೊಂದರಲ್ಲಿ ತಾತ್ಕಾಲಿಕ ಆಟದ ಮೇಷ್ಟ್ರು. ಪರೀಕ್ಷೆ ಮುಗಿದ ಮೇಲೆ ಕಾಲೇಜಿನ ಕೋಚ್ ಕೆಲಸಕ್ಕೆ ಅವನ ಹೆಸರು ಹೇಳುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದರು. ಬಡಗಿಯ ತಲೆಯೊಳಗೆ ಹುಳ ಹೊಕ್ಕಿದ್ದು ಅಲ್ಲೇ. ಮೇಡಂಗೆ ಕಲ್ಲು ಗೆಲ್ಲಬೇಕು, ಇವನಿಗೆ ಕೆಲಸ ಬೇಕು. ಬರೀ ಕೋಲು ಹಿಡಿದಾಗ ಭುಜ ಕೊಂಚ ಸಡಿಲ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬೆಳ್ಳಗಿರುವುದೆಲ್ಲ ಹಾಲಲ್ಲ. ಎರಡು ವಾರ ಅವನು ಅಳಿಯನ ಭುಜವನ್ನೇ ನೋಡಿದ. ನೋಡಿದಷ್ಟೂ ಸಡಿಲವಾಗಿಯೇ ಕಂಡಿತು.

ಶುಕ್ರವಾರ ಮೇಡಂ ಕೋಣೆಗೆ ಹೋಗಿ ಹೇಳಿಯೇಬಿಟ್ಟ.

"ಅಳಿಯ ಅಂತ ಮುಚ್ಚಿಡೋನಲ್ಲ ನಾನು ಮೇಡಂ. ಬರೀ ಕೋಲಿಗೆ ಅವನು ಪೂರ್ತಿ ಕೈ ಹಾಕ್ತಿಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಕಣ್ಣಾರೆ ನೋಡಿದೀರಾ?"

"ನೋಡ್ದೇ ಹೇಳ್ತೀನಾ?"

ಹಾಗಾದರೆ ಸೋಮವಾರದಿಂದ ಬೇರೆಯವರನ್ನು ಕರೆಸುತ್ತೇನೆ, ಕೋಚ್ ಕೆಲಸದ ಮಾತೂ ಬಿಟ್ಟುಬಿಡೋಣ ಎಂದರು ಮೇಡಂ. ಅಂದೇ ಸಂಜೆ ಅಳಿಯನಿಗೂ ಫೋನು ಮಾಡಿ, ಕಾರಣ ಮುಚ್ಚಿಡದೆ ತಿಳಿಸಿದರು. ಬಡಗಿಗೆ ಅವತ್ತು ಊಟ ರುಚಿಸಲಿಲ್ಲ. ಸತ್ಯ ಹೇಳಿದವನಿಗೆ ಅನ್ನ ಯಾಕೆ ಸೇರಬಾರದು ಎಂದು ತನ್ನನ್ನೇ ಗದರಿಕೊಂಡ.

ಭಾನುವಾರ ಬೆಳಿಗ್ಗೆ ಮಗಳು ನೇರ ಮೈದಾನಕ್ಕೇ ಬಂದಳು. ಬಡಗಿ ಆಗ ಈಟಿಗಳ ಮೊನೆ ಒರೆಸುತ್ತಿದ್ದ.

"ಅಪ್ಪಾ, ಎರಡು ತಿಂಗಳಿಂದ ರಾತ್ರಿ ಅವರ ತೋಳಿಗೆ ಎಣ್ಣೆ ಹಚ್ಚಿ ತಿಕ್ತಿರೋಳು ನಾನು. ಸಡಿಲ ಬಿಟ್ಟಿರೋ ತೋಳು ಹಾಗೆ ಊದ್ಕೊಳ್ಳುತ್ತಾ?"

"ನೀನು ಅವನ ಪರವೇ ಮಾತಾಡೋದು ಬಿಡು."

"ಮಾತು ಬೇಡ. ನಾನೇ ಎಸೀತೀನಿ, ನೀನೇ ಅಳೆ. ಕಲ್ಲು ಗೆದ್ರೂ ಸೋತ್ರೂ ನಂಗೇನು ಬರಬೇಕಾಗಿದೆ?"

ಹಿತ್ತಲಲ್ಲಿ ಗಂಡನ ಜೊತೆ ಈಟಿ ಎಸೆದು ಆಡಿ ಆಡಿ ಅವಳಿಗೂ ಕೈ ಕುದುರಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತು ಕೆಂಪು, ಹತ್ತು ನೀಲಿ ಎಸೆದಳು. ಕೆಂಪು ಸುಮಾರು ಮೂವತ್ತೈದು, ನೀಲಿ ಸುಮಾರು ಇಪ್ಪತ್ತೊಂಬತ್ತು. ಬಡಗಿ ಟೇಪು ಹಿಡಿದು ನಿಂತೇ ಇದ್ದ. ಇವಳ ಭುಜ ಸಡಿಲ ಎನ್ನುವ ಹಾಗಿರಲಿಲ್ಲ. ಸಿಟ್ಟಿನಲ್ಲಿ ಇಪ್ಪತ್ತನ್ನೂ ಒಂದೇ ರಭಸದಲ್ಲಿ ಬೀಸಿದ್ದಳು.

"ಹಾಗಾದ್ರೆ ಕಲ್ಲಿನ ಮಹಿಮೆ ನಿಜ," ಎಂದ ನಿಧಾನವಾಗಿ.

"ಅವರು ಕಳ್ಳ ಅಲ್ಲ ಅನ್ನು ಮೊದಲು."

ಅವನು ಇನ್ನೊಂದು ಸುತ್ತು ಎಸೆ ಎಂದ. ಮಗಳು ದುಮುಗುಟ್ಟುತ್ತ ಹೋಗಿ ಇಪ್ಪತ್ತೂ ಈಟಿಗಳನ್ನು ಸೌದೆಯ ಹಾಗೆ ತಬ್ಬಿಕೊಂಡು ತಂದಳು. ದಾರದ ಬಣ್ಣ ನೋಡದೆ ಕೈಗೆ ಸಿಕ್ಕಿದ್ದನ್ನು ಸಿಕ್ಕ ಕೋಲಿಗೆ ಕೂರಿಸಿ ಬೀಸಿದಳು. "ಏಯ್, ಸಾಲು ಕೆಡಿಸಬೇಡ" ಎಂದು ಅವನು ಕೂಗುವಷ್ಟರಲ್ಲಿ ಅರ್ಧ ಹಾರಿ ಆಗಿತ್ತು. ಯಾವುದು ಯಾವ ಕೋಲಿನದು ಎಂದು ಕೂಗಿ ಕೇಳುತ್ತಲೇ ಅಳೆದ. ಕಲ್ಲಿನ ಕೋಲಿನದು ಸರಾಸರಿ ಮೂವತ್ತೆರಡು. ಬರೀ ಕೋಲಿನದೂ ಮೂವತ್ತೆರಡು. ದೂರ ಬಿದ್ದಿದ್ದವು ಕೆಂಪು ದಾರದವು, ಯಾವ ಕೋಲಿನಿಂದ ಹೋಗಿದ್ದರೂ ಸರಿ.

ಬಡಗಿ ಮಂಡಿಯೂರಿ ಕೂತ. ಕೆಂಪು ದಾರದ ಈಟಿಯೊಂದನ್ನು ನೆಲಕ್ಕೆ ಊರಿ ಒತ್ತಿದ; ಮೀನಿನ ಹಾಗೆ ಬಳುಕಿ ಮತ್ತೆ ನೆಟ್ಟಗಾಯಿತು. ನೀಲಿಯದನ್ನು ಒತ್ತಿದ, ನಡುವಿನ ಗಂಟಿನ ಹತ್ತಿರ ಬಿಗಿದುಕೊಂಡು ಒಂದು ಕಡೆಗೆ ತಿರುಚಿತು. ಇನ್ನೊಂದು, ಮತ್ತೊಂದು. ಎಲ್ಲವೂ ಹಾಗೇ. ಬೀರು ಮಾಡುವಾಗ ನುಣುಪಿನ ಹಲಗೆ ಮುಂಬಾಗಿಲಿಗೆ, ಗಂಟು ಬಿದ್ದದ್ದು ಗೋಡೆಯ ಕಡೆಗೆ: ಅವನ ಗುರು ಕಲಿಸಿದ್ದು, ಅವನು ಇಪ್ಪತ್ತಾರು ವರ್ಷ ಪಾಲಿಸಿದ್ದು. ಸ್ಟ್ಯಾಂಡಿಗೆ ಈಟಿ ಜೋಡಿಸುವಾಗಲೂ ಕೈ ಅದನ್ನೇ ಮಾಡಿತ್ತು. ದೂರ ಹಾರುವ ಬಳುಕಿನವೆಲ್ಲ ಮುಂದಿನ ಸಾಲಿಗೆ, ಅಂದರೆ ಕಲ್ಲಿನ ಕೋಲಿಗೆ; ಗಂಟಿನವು ಹಿಂದಕ್ಕೆ, ಬರೀ ಕೋಲಿಗೆ. ಮೇಡಂ ಕೇಳಿದ್ದು ಉದ್ದ ಮತ್ತು ತೂಕ. ಬಳುಕನ್ನು ಅವರು ಕೇಳಲಿಲ್ಲ, ಇವನು ಹೇಳಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಹೊಡೆಯಲು ಹೋದವನು ಅವನು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

"ನಾಳೆ ಅವನನ್ನೂ ಕರ್ಕೊಂಡು ಬಾ," ಎಂದ ಕೊನೆಗೆ.

ಸೋಮವಾರ ಮೇಡಂ ಎದುರು, ಮಗಳು ಅಳಿಯನ ಎದುರು, ನಲವತ್ತೂ ಈಟಿಗಳನ್ನು ನೆಲಕ್ಕೆ ಸುರಿದು ದಾರಗಳನ್ನು ಒಂದೊಂದಾಗಿ ಕತ್ತರಿಸಿದ. ಕತ್ತರಿಸುತ್ತಲೇ ಎಲ್ಲ ಹೇಳಿದ. ಶುಕ್ರವಾರ ಕಣ್ಣಾರೆ ನೋಡಿದೆ ಎಂದದ್ದು ಸುಳ್ಳು, ನೋಡಬೇಕು ಅಂದುಕೊಂಡದ್ದನ್ನೇ ನೋಡಿದೆ ಎಂದೂ ಹೇಳಿದ. ಮೇಡಂ ಎರಡು ತಿಂಗಳ ಅಳತೆಯ ಹಾಳೆಗಳ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದರು.

"ಕಲ್ಲು ಸೋಲಬಹುದು ಈಗ," ಎಂದರು.

"ಸೋಲಬಹುದು ಮೇಡಂ."

"ಮೊದಲಿಂದ ಎಸೀಬೇಕು. ಕೈ ತಡೆಯುತ್ತಾ?" ಎಂದು ಅವರು ಕೇಳಿದ್ದು ಅಳಿಯನನ್ನು. ಅವನು ಮಾವನ ಕಡೆ ತಿರುಗದೆ, ರಾಶಿಯಿಂದ ಕೈಗೆ ಸಿಕ್ಕ ಈಟಿಯೊಂದನ್ನು ಎತ್ತಿಕೊಂಡು, ಬರೀ ಕೋಲು ಹಿಡಿದು ಗೆರೆಯ ಹಿಂದೆ ಎರಡು ಹೆಜ್ಜೆ ಹೆಚ್ಚೇ ಬಿಟ್ಟು ನಿಂತ.

ಈಟಿ ಬಳುಕುತ್ತ ಹೋಗಿ ದೂರದಲ್ಲಿ ನಾಟಿತು. ಬಡಗಿ ಟೇಪು ಎಳೆದುಕೊಂಡು ನಡೆದ, ಮೊನೆಯ ಹತ್ತಿರ ಕುಕ್ಕರಗಾಲಲ್ಲಿ ಕೂತ, ಅಭ್ಯಾಸಬಲದಿಂದ ಅಂಕಿಯ ಮೇಲೆ ಹೆಬ್ಬೆರಳು ಇಟ್ಟ. ಎಷ್ಟಾಯ್ತು ಮಾವ ಎಂಬ ಕೂಗಿಗೆ ಕಾದ. ಮೈದಾನದ ಆ ತುದಿಯಿಂದ ಯಾರೂ ಕೂಗಲಿಲ್ಲ.

"ಬಾಪ್ಪಾ ಇಲ್ಲಿ," ಎಂದು ಅವನೇ ಕೂಗಿದ. "ನೀನೇ ಬಂದು ಓದು."

ಅಳಿಯ ತಕ್ಷಣ ಕದಲಲಿಲ್ಲ. ಆಮೇಲೆ ಕೋಲು ಹೆಂಡತಿಯ ಕೈಗೆ ಕೊಟ್ಟು, ನೋಯುವ ಭುಜ ಒತ್ತಿಕೊಳ್ಳುತ್ತ ಅಷ್ಟು ಉದ್ದದ ಮೈದಾನ ನಿಧಾನವಾಗಿ ನಡೆದು ಬಂದ. ಅವನ ನೆರಳು ಟೇಪಿನ ಮೇಲೆ ಬಿದ್ದಾಗ ಬಡಗಿ ಹೆಬ್ಬೆರಳು ತೆಗೆದ.